ರ‍್ಯಾಮ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಕೈಕೊಡ್ತಿದೆಯಾ?

8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್‌ನಲ್ಲಿ ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್, ಕ್ರೋಮ್ ಮೂರನ್ನೂ ಒಟ್ಟಿಗೆ ತೆರೆದವರಿಗೆ ಗೊತ್ತು: ಮೌಸ್ ಕೂಡ ಯೋಚನೆ ಮಾಡಿ ಮಾಡಿ ಚಲಿಸುತ್ತದೆ. ಹಾಗಾಗಿ ಪ್ರಾಜೆಕ್ಟ್ ಶುರುವಾದರೆ ಸಾಕು, ನಮ್ಮಲ್ಲಿ ಬಹಳ ಜನ ಇನ್ನೊಂದು 8 ಜಿಬಿ ಸ್ಟಿಕ್ ತಂದು ಹಾಕಿಕೊಳ್ತೀವಿ. ಸಾಮಾನ್ಯವಾಗಿ ಎಲ್ಲ ಸರಿಯಾಗೇ ನಡೆಯುತ್ತದೆ. ಕೆಲವರಿಗೆ ಮಾತ್ರ ಎರಡೇ ದಿನಕ್ಕೆ ನೀಲಿ ಪರದೆ ಕಾಣಿಸಿಕೊಳ್ಳುತ್ತದೆ. ಆಗ ಎಲ್ಲರೂ ಕೊಡೋ ಸಲಹೆ ಒಂದೇ: ‘ವಿಂಡೋಸ್ ಫಾರ್ಮ್ಯಾಟ್ ಮಾಡು ಮಗಾ.’ ಸ್ವಲ್ಪ ತಡೀರಿ.

ಕ್ರ್ಯಾಶ್‌ಗಿಂತ ದೊಡ್ಡ ಅಪಾಯ

ಫೈಲ್ ತೆರೆದಾಗ, ಸೇವ್ ಮಾಡಿದಾಗ, ಕಾಪಿ ಮಾಡಿದಾಗ ಡೇಟಾ ಹಾದುಹೋಗೋದು ರ‍್ಯಾಮ್ ಮೂಲಕವೇ. ಅಲ್ಲಿ ಒಂದೇ ಒಂದು ಬಿಟ್ ಕೆಟ್ಟರೂ ಸಾಕು. 85 ಅನ್ನೋ ಸಂಖ್ಯೆ ಬೈನರಿಯಲ್ಲಿ 1010101. ಅದರ ಮೊದಲ 1 ಹೋಗಿ 0 ಆದರೆ ಉಳಿಯೋದು 21. ಹಾಜರಾತಿ 85 ಇದ್ದದ್ದು 21ಕ್ಕೆ ಇಳಿದಂಗೆ! ಕೆಟ್ಟ ಬಿಟ್ ಕರ್ನಲ್‌ನ ಪಾಲಿಗೆ ಬಂದರೆ ಕ್ರ್ಯಾಶ್ ಆಗಿ ನಮಗೆ ಗೊತ್ತಾಗುತ್ತದೆ. ಪ್ರಾಜೆಕ್ಟಿನ ರೀಡಿಂಗ್‌ಗಳ ಪಾಲಿಗೆ ಬಂದರೆ ತಪ್ಪು ಸಂಖ್ಯೆ ಸದ್ದಿಲ್ಲದೆ ಸೇವ್ ಆಗಿಬಿಡುತ್ತದೆ.

ಇದು ಅಪರೂಪದ ವಿಷಯವೂ ಅಲ್ಲ. ಗೂಗಲ್‌ನ ಸರ್ವರ್‌ಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಶೇ 8ಕ್ಕಿಂತ ಹೆಚ್ಚು ಮೆಮೊರಿ ಮಾಡ್ಯೂಲ್‌ಗಳಲ್ಲಿ ದೋಷ ಕಂಡಿತ್ತು. ಸರ್ವರ್‌ಗಳಲ್ಲಿ ಅದನ್ನು ಹಿಡಿದು ತಿದ್ದೋಕೆ ಇಸಿಸಿ ಮೆಮೊರಿ ಇರುತ್ತದೆ. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ಗಳಿಗೆ ಆ ಕಾವಲು ಇರೋದಿಲ್ಲ.

ಹಾಗಾಗಿ ಮೊದಲು ಹೊಸ ಸ್ಟಿಕ್ ತೆಗೆದು, ಹಳೇ ರ‍್ಯಾಮ್‌ನಲ್ಲೇ ಬೂಟ್ ಮಾಡಿ, ಆಮೇಲೆ ಬ್ಯಾಕಪ್ ತಗೊಳ್ಳಿ. ಹಿಂದಿನ ಬ್ಯಾಕಪ್ ಇದ್ದರೆ ಅದರ ಮೇಲೇ ಬರೆಯಬೇಡಿ, ಬೇರೆ ಫೋಲ್ಡರ್‌ಗೆ ಹಾಕಿ. ರ‍್ಯಾಮ್ ಕೆಟ್ಟಿರುವಾಗ ಫಾರ್ಮ್ಯಾಟ್ ಮಾಡಿದರೆ ಹೊಸ ವಿಂಡೋಸ್ ಕೂಡ ಅದೇ ಕೆಟ್ಟ ರ‍್ಯಾಮ್ ಮೂಲಕವೇ ಡಿಸ್ಕಿಗೆ ಹೋಗುತ್ತದೆ!

ಸರಿಯಾಗಿ ಕೂತಿದೆಯಾ?

ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಕೈಯಲ್ಲಿರೋ ಸ್ಟ್ಯಾಟಿಕ್ ಹೋಗಲು ಏನಾದರೂ ಲೋಹ ಮುಟ್ಟಿ. ಸ್ಟಿಕ್ಕನ್ನು ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಎರಡೂ ಬದಿಯ ಕ್ಲಿಪ್ ‘ಟಕ್’ ಅನ್ನಬೇಕು. ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಬೆರಳಲ್ಲಿ ಮುಟ್ಟಬೇಡಿ. ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಜೋಡಿ ಹೊಂದುತ್ತಾ?

ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರೋದೇ ಇಲ್ಲ, ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ. ತೊಂದರೆ ಕೊಡೋದು ಕೂತರೂ ಹೊಂದದ ಜೋಡಿ. 2666ರ ಹಳೇ ಸ್ಟಿಕ್ ಜೊತೆ 3200ರದ್ದು ಹಾಕಿದರೆ ಎರಡೂ 2666ರಲ್ಲಿ ಓಡಬೇಕು. ಸಾಮಾನ್ಯವಾಗಿ ಓಡುತ್ತವೆ ಕೂಡ. ಆದರೆ ಟೈಮಿಂಗ್, ಒಳಗಿನ ಚಿಪ್‌ಗಳ ಜೋಡಣೆ ಬೇರೆ ಬೇರೆ ಇದ್ದಾಗ ಕೆಲವು ಬೋರ್ಡ್‌ಗಳು ತಡವರಿಸುತ್ತವೆ. ಡೆಸ್ಕ್‌ಟಾಪ್ ಇದ್ದವರು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ ನೋಡಿ. ಡಿಡಿಆರ್4ರ ಗೊತ್ತುಪಡಿಸಿದ ವೋಲ್ಟೇಜ್ 1.2. ಎಕ್ಸ್‌ಎಂಪಿ ಅದನ್ನು ಹೆಚ್ಚಾಗಿ 1.35ಕ್ಕೆ ಏರಿಸಿ ವೇಗ ಹೆಚ್ಚಿಸುತ್ತದೆ. ಆಫ್ ಮಾಡಿದ ಮೇಲೆ ಕ್ರ್ಯಾಶ್ ನಿಂತರೆ ಸ್ಟಿಕ್ ಕೆಟ್ಟಿಲ್ಲ, ಆ ವೇಗಕ್ಕೆ ನಿಮ್ಮ ಬೋರ್ಡ್ ಅಥವಾ ಜೋಡಿ ತಡೆಯುತ್ತಿಲ್ಲ ಅನ್ನಿ.

ಕಳ್ಳ ಯಾರು?

ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದಾಗ ಏನು ಮಾಡ್ತೀವಿ? ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲೂ ಅದೇ. ಹಳೇ ಸ್ಟಿಕ್ ಒಂದನ್ನೇ ಮೊದಲ ಸ್ಲಾಟ್‌ನಲ್ಲಿ, ಆಮೇಲೆ ಎರಡನೇದರಲ್ಲಿ ಪರೀಕ್ಷಿಸಿ. ಹೊಸದನ್ನೂ ಹಾಗೇ. ಒಟ್ಟು ನಾಲ್ಕು ಪರೀಕ್ಷೆ.

ತೊಂದರೆ ಸ್ಟಿಕ್ ಹೋದಲ್ಲೆಲ್ಲ ಹೋದರೆ ಸ್ಟಿಕ್ಕೇ ಕೆಟ್ಟಿದೆ. ಯಾವ ಸ್ಟಿಕ್ ಹಾಕಿದರೂ ಒಂದೇ ಸ್ಲಾಟ್‌ನಲ್ಲಿ ತೊಂದರೆ ಅಂದರೆ ಸ್ಲಾಟ್ ಅಥವಾ ಮದರ್‌ಬೋರ್ಡ್. ನಾಲ್ಕರಲ್ಲೂ ಪಾಸ್, ಜೋಡಿಯಾಗಿ ಮಾತ್ರ ಫೇಲ್ ಅಂದರೆ ಹೊಂದಾಣಿಕೆಯ ಸಮಸ್ಯೆ. ಬಯಾಸ್ ಅಪ್‌ಡೇಟ್ ಮಾಡಿ ನೋಡಿ, ಇಲ್ಲವೇ ಒಂದೇ ಮಾದರಿಯ ಜೋಡಿ ತಗೊಳ್ಳಿ. ಹೊಸದರ ಮೇಲೇ ಅನುಮಾನ ಇಟ್ಕೊಂಡು ಕೂರಬೇಡಿ. ಹಳೇ ಸ್ಟಿಕ್‌ನ ಯಾವುದೋ ಮೂಲೆಯಲ್ಲಿದ್ದ ದೋಷ, ಎರಡು ಸ್ಟಿಕ್ ಸೇರಿ ವಿಳಾಸಗಳು ಹಂಚಿಕೆಯಾದಾಗ ಈಗಷ್ಟೇ ಹೊರಗೆ ಬಂದಿರಬಹುದು. ಹಾಗಿದ್ದರೆ ಬ್ಯಾಕಪ್ ಅನ್ನು ಒಳ್ಳೇ ಸ್ಟಿಕ್‌ನಲ್ಲಿ ಇನ್ನೊಮ್ಮೆ ತಗೊಳ್ಳಿ.

ಪರೀಕ್ಷೆಗೆ ಮೆಮ್‌ಟೆಸ್ಟ್86+ ಸಾಕು. ಉಚಿತ, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ. ವಿಂಡೋಸ್‌ನದೇ ಮೆಮೊರಿ ಡಯಾಗ್ನಸ್ಟಿಕ್ ಕೂಡ ಇದೆ, ಆದರೆ ಅದರಲ್ಲಿ ಪಾಸ್ ಆಯ್ತು ಅಂತ ನಿಶ್ಚಿಂತೆ ಆಗಬೇಡಿ. ಮೆಮ್‌ಟೆಸ್ಟ್ ರಾತ್ರಿ ಹಚ್ಚಿಟ್ಟು ಮಲಗಿ, ಹಲವು ಪಾಸ್ ಮುಗಿಯಲಿ. ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ: ಒಂದು ಎರರ್ ಬಂದರೂ ಫೇಲ್.

ಸಿಕ್ಕಮೇಲೆ

ಎರರ್ ಇರೋ ಪರದೆಯ ಫೋಟೋ ತೆಗೆದು, ಬಿಲ್ ಜೊತೆ ಅಂಗಡಿಗೆ ಹೋಗಿ. ಬಹಳಷ್ಟು ಸ್ಟಿಕ್‌ಗಳಿಗೆ ಕೆಲವು ವರ್ಷಗಳ ವಾರಂಟಿ ಇರುತ್ತದೆ. ಆಮೇಲೆ ವಿಂಡೋಸ್‌ನ ಸಿಸ್ಟಂ ಫೈಲ್ ಚೆಕರ್ ಒಮ್ಮೆ ಓಡಿಸಿ. ಕೊನೆಯದಾಗಿ, ಕ್ರ್ಯಾಶ್ ಆಗುತ್ತಿದ್ದ ದಿನಗಳಲ್ಲಿ ಸೇವ್ ಮಾಡಿದ ಫೈಲ್‌ಗಳನ್ನೆಲ್ಲ ಒಂದೊಂದಾಗಿ ತೆರೆದು, ಗಿಟ್‌ಹಬ್ ಅಥವಾ ಡ್ರೈವ್‌ನಲ್ಲಿರೋ ಹಳೇ ಪ್ರತಿಯ ಜೊತೆ ಹೋಲಿಸಿ. ರೀಡಿಂಗ್ ತಪ್ಪಿದ್ದು ವೈವಾ ದಿನ ಎಕ್ಸ್‌ಟರ್ನಲ್ ಕಣ್ಣಿಗೆ ಬೀಳೋದಕ್ಕಿಂತ ಈಗಲೇ ನಮ್ಮ ಕಣ್ಣಿಗೆ ಬೀಳೋದು ಒಳ್ಳೇದು.