ಬುತ್ತಿಗಂಟು ತಲೆದಿಂಬಲ್ಲ

ಬುತ್ತಿ ಕಟ್ಟಿಕೊಂಡು ಹೊರಡುವುದು ನಮಗೇನು ಹೊಸದಲ್ಲ. ಕುರಿ ಹೊಡೆದುಕೊಂಡು ಹೋಗುವಾಗ ಕಟ್ಟುತ್ತೇವೆ. ದೇವರಿಗೆ ನಡೆದು ಹೋಗುವಾಗಲೂ ಕಟ್ಟುತ್ತೇವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಬೆಲ್ಲ. ರಾತ್ರಿ ವಸ್ತಿ ಮಾಡಿದಲ್ಲಿ ಆ ಗಂಟನ್ನೇ ತಲೆಗೆ ಇಟ್ಟುಕೊಂಡು ಮಲಗುತ್ತೇವೆ. ನಾಯಿ ಒಯ್ಯಬಾರದಲ್ಲ!

ಸಂಕೇಶ್ವರದ ಬಯಲಿನಲ್ಲಿ ಇದು ಸರಿ. ಕಾಡಿನ ಅಂಚಿನಲ್ಲಿ ಇದೇ ರೂಢಿ ಜೀವಕ್ಕೆ ಕುತ್ತು ತರಬಹುದು. ಯಾಕೆ? ಅಲ್ಲಿ ಕರಡಿ ಇರುತ್ತದೆ.

ಕರಡಿ ಎಲ್ಲಿದೆ?

ಕರಡಿ ದೂರದ ಮಾತಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲೇ ಕರಡಿಗಳಿವೆ. ಅಲ್ಲಿಯ ಭೀಮಗಡ ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ನಮ್ಮ ಹಿರಣ್ಯಕೇಶಿ ಹೊಳೆ ಹುಟ್ಟುವ ಅಂಬೋಲಿ ಘಟ್ಟವೂ ಸಹ್ಯಾದ್ರಿಯ ಕಾಡೇ.

ಕರಡಿ ಯಾಕೆ ಬರುತ್ತದೆ?

ಕರಡಿಯ ಕಣ್ಣು ಮಂದ. ಮೂಗು ಬಲು ಚುರುಕು. ನೆಲದೊಳಗಿನ ಗೆದ್ದಲನ್ನು ವಾಸನೆಯಿಂದಲೇ ಪತ್ತೆ ಹಚ್ಚುತ್ತದೆ. ಇರುವೆ, ಜೇನು, ನೇರಳೆ, ಬಾರಿಹಣ್ಣು ಅದರ ಊಟ. ಹೆಚ್ಚಾಗಿ ರಾತ್ರಿಯೇ ತಿರುಗುತ್ತದೆ.

ಹಂಪಿಯ ಹತ್ತಿರ ದರೋಜಿ ಎಂಬಲ್ಲಿ 1994ರಲ್ಲಿ ಕರಡಿಧಾಮ ಆಯಿತು. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿದ್ದುಂಟು. ಅದನ್ನು ನೆಕ್ಕಲು ಕರಡಿಗಳು ಇಳಿದು ಬಂದವು. ನಮ್ಮ ಗಂಟಿನಲ್ಲೂ ಬೆಲ್ಲ ಐತಲ್ಲ?

ಕರಡಿ ನಮ್ಮನ್ನು ತಿನ್ನಲು ಬರುವುದಿಲ್ಲ. ಬುತ್ತಿಯ ವಾಸನೆಗೆ ಬರುತ್ತದೆ. ನಾವು ಗಕ್ಕನೆ ಎದ್ದರೆ ಬೆದರುತ್ತದೆ. ಬೆದರಿ ಮೈಮೇಲೆ ಬೀಳುತ್ತದೆ. ಮುಖ, ತಲೆ ಹರಿಯುತ್ತದೆ. ಮರಿ ಇರುವ ತಾಯಿಯಂತೂ ಇನ್ನೂ ಅಪಾಯ.

ಹಾಗಾದರೆ ಏನು ಮಾಡೋಣ?

ಕಾಡೊಳಗೆ ವಸ್ತಿ ಮಾಡುವುದು ಬ್ಯಾಡ. ಧಾಮದೊಳಗೆ ಅನುಮತಿ ಇಲ್ಲದೆ ತಂಗುವುದು ಕಾನೂನಿಗೂ ವಿರುದ್ಧ. ಹತ್ತಿರದ ಊರಿನ ಗುಡಿ, ಸಾಲೆಯ ಕಟ್ಟೆ ನೋಡೋಣ. ಕಾಡಿನ ಅಂಚಿನಲ್ಲೇ ಇರಬೇಕಾದರೆ ಹೀಗೆ ಮಾಡೋಣ:

1. ಬೆಳಕಿರುವಾಗಲೇ ಅಡಿಗೆ, ಊಟ ಮುಗಿಸೋಣ. ಒಲೆಯಿಂದ ನೂರು ಹೆಜ್ಜೆ ದೂರ ಮಲಗೋಣ.

2. ಬುತ್ತಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕೋಣ. ವಾಸನೆ ಕಡಿಮೆ ಆಗುತ್ತದೆ.

3. ಡಬ್ಬಿಯನ್ನೂ ಮಲಗುವಲ್ಲಿ ಇಡಬಾರದು. ದೂರದ ಮರಕ್ಕೆ ತೂಗು ಹಾಕೋಣ. ಕರಡಿ ಮರ ಹತ್ತುತ್ತದೆ, ನೆನಪಿರಲಿ. ಕಾಂಡಕ್ಕೆ ಕಟ್ಟಿದರೆ ಸಾಲದು. ಕೊಂಬೆಯಿಂದ ಹಗ್ಗದಲ್ಲಿ ಇಳಿಬಿಡಬೇಕು. ನೆಲದಿಂದ ಎರಡಾಳು ಎತ್ತರ ಇರಲಿ. ಕಾಂಡದಿಂದ ಒಂದು ಮಾರು ದೂರ ಇರಲಿ.

4. ಎಂಜಲು, ಹಣ್ಣಿನ ಸಿಪ್ಪೆ ಚೆಲ್ಲಬಾರದು. ಹೂಳಿದರೂ ಕರಡಿ ಕೆದರಿ ತೆಗೆಯುತ್ತದೆ. ಕಟ್ಟಿಕೊಂಡು ಊರಿಗೆ ತರೋಣ.

5. ಕರಡಿ ಬುತ್ತಿಗೆ ಬಾಯಿ ಹಾಕಿತೋ, ಬಿಡಿಸಿಕೊಳ್ಳಲು ಹೋಗಬಾರದು. ಓಡಲೂಬಾರದು. ಮೆಲ್ಲಗೆ ಹಿಂದೆ ಸರಿಯೋಣ. ಬುತ್ತಿ ಹೋದರೆ ಹೋಗಲಿ, ಜೀವ ಉಳಿಯಲಿ.

ನಮ್ಮ ನಂತರ ಬರುವವರು

ಒಮ್ಮೆ ಬುತ್ತಿಯ ರುಚಿ ಕಂಡ ಕರಡಿ ಮತ್ತೆ ಅಲ್ಲಿಗೇ ಬರುತ್ತದೆ. ಆಗ ನಾವು ಇರುವುದಿಲ್ಲ. ಇನ್ನಾರೋ ಮಲಗಿರುತ್ತಾರೆ. ಅಮೆರಿಕದ ಯೋಸೆಮಿಟಿ ಕಾಡಿನಲ್ಲಿ ಹೀಗೆಯೇ ಆಯಿತು. ಮನುಷ್ಯರ ಊಟಕ್ಕೆ ಬಿದ್ದ ಕೆಲವು ಕರಡಿಗಳನ್ನು ಕೊನೆಗೆ ಕೊಲ್ಲಬೇಕಾಯಿತು. ಈಗ ಅಲ್ಲಿ ಕಾಡಲ್ಲಿ ತಂಗುವವರು ಕರಡಿ ಒಡೆಯಲಾರದ ಗಟ್ಟಿ ಡಬ್ಬಿ ಒಯ್ಯಲೇಬೇಕು.

ನಮ್ಮಲ್ಲಿ 1972ರ ಕಾನೂನು ಕರಡಿಯನ್ನು ಕಾಯುತ್ತದೆ. ಕೊಂದರೆ ಶಿಕ್ಷೆ. ಬುತ್ತಿಯನ್ನು ಜ್ವಾಕಿ ಮಾಡಿದರೆ ನಾವೂ ಉಳಿಯುತ್ತೇವೆ, ಕರಡಿಯೂ ಉಳಿಯುತ್ತದೆ.

ಮಾತಾಡೋಣ

ನಮ್ಮೂರಿನಿಂದ ಕಾಡಿನ ಕಡೆ ಹೋಗುವವರು ಯಾರು?
ರಾತ್ರಿ ಅವರು ಬುತ್ತಿಯನ್ನು ಎಲ್ಲಿ ಇಡುತ್ತಾರೆ?
ಈ ಪಾಠವನ್ನು ಅವರಿಗೆ ಯಾರು ಓದಿ ಹೇಳುತ್ತೀರಿ?