ಗಾಳಿಗುಡ್ಡಗಳ ಮೇಲೆ ಕೂಡಿ ಸೈಕಲ್ ಪ್ರಯಾಣ

ಕುಕನೂರಿನ ಸೀಮೆಯಲ್ಲಿ ಆಷಾಢ ಮಾಸವು ಕಾಲಿಟ್ಟಿತೆಂದರೆ ಗಾಳಿಯು ಕರೆಯದೆ ಬರುವ ಬೀಗರಂತೆ ಮನೆಮನೆಯನ್ನೂ ಹೊಕ್ಕು ನೋಡುವದು. ಅಂಗಳದಲ್ಲಿ ಒಣಹಾಕಿದ ಸೀರೆಯು ನೆರೆಯವರ ಮಾಳಿಗೆಯನ್ನೇರುವದು. ಒಲೆಯ ಹೊಗೆಯು ಬೆಳಕಿಂಡಿಯನ್ನು ಬಿಟ್ಟು ಅಡಿಗೆ ಮಾಡುವವರ ಕಣ್ಣಿಗೇ ತಿರುಗುವದು. ಎರೆಹೊಲದ ಬದುವಿನ ಮೇಲೆ ನಡೆಯುವ ಮುದುಕನು ತನ್ನ ಪಟಕವನ್ನು ಒಂದು ಕೈಯಿಂದ ಹಿಡಿದುಕೊಂಡೇ ನಡೆಯಬೇಕಾಗುವದು. ಇಂಥ ಗಾಳಿಗೆ ಎದೆಯೊಡ್ಡಿ, ಏರಿಳಿತಗಳ ದಾರಿಯಲ್ಲಿ, ಹತ್ತಾರು ಜನರು ಕೂಡಿಕೊಂಡು ದಿನವಿಡೀ ಸೈಕಲ್ ತುಳಿಯುವರೆಂದರೆ ಕೆಲವು ಗೃಹಸ್ಥರಿಗೆ ಅದು ಹುಚ್ಚಾಟವಾಗಿ ತೋರುವದು ಸಹಜವೇ. ಆದರೆ ಚೆನ್ನಾಗಿ ವಿಚಾರಿಸಿದರೆ ಇದರಲ್ಲಿ ಹುಚ್ಚಿಗಿಂತ ವಿವೇಕವೂ ಆಟಕ್ಕಿಂತ ಶಿಕ್ಷಣವೂ ಹೆಚ್ಚಾಗಿವೆಯೆಂದು ನಮ್ಮ ಅಭಿಪ್ರಾಯವು. ಅದನ್ನು ವಾಚಕರ ಮುಂದಿಡುವದಕ್ಕಾಗಿಯೇ ಈ ಬರಹವು.

ಮೊದಲು ಸ್ಥಳದ ವಿಚಾರ. ಬಹುಕಾಲ ಯಲಬುರ್ಗಾ ತಾಲೂಕಿನೊಳಗಿದ್ದ ಕುಕನೂರು ಈಗ ತಾನೇ ಒಂದು ತಾಲೂಕಿನ ಮುಖ್ಯಸ್ಥಳವಾಗಿದೆ. ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳು ಇಲ್ಲಿವೆ. ಹತ್ತಿರದ ಇಟಗಿಯಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಶಾಸನವು ಅದನ್ನು 'ದೇವಾಲಯ ಚಕ್ರವರ್ತಿ'ಯೆಂದು ಹೊಗಳಿರುವದು. ಅಲ್ಲಿಂದ ಪಡುವಣಕ್ಕೆ ಹೊರಟರೆ, ದಾನಚಿಂತಾಮಣಿ ಅತ್ತಿಮಬ್ಬೆಯು ಬಸದಿ ಕಟ್ಟಿಸಿದ ಲಕ್ಕುಂಡಿ. ಅದರಾಚೆ ವೀರನಾರಾಯಣನ ಗದಗು. ಗದಗಿನಿಂದ ತೆಂಕಣ ದಿಕ್ಕಿಗೆ ಹೊರಳಿದರೆ ಇಪ್ಪತ್ತೊಂದು ಕಿಲೋಮೀಟರಿನಲ್ಲಿ, ಇಪ್ಪತ್ತುನಾಲ್ಕು ಮೂಲೆಗಳ ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯುಳ್ಳ ಡಂಬಳ. ಅಲ್ಲಿಂದ ಮರಳಿ ಕುಕನೂರನ್ನು ಸೇರುವ ಹೊತ್ತಿಗೆ ಚಕ್ರವು ನೂರು ಕಿಲೋಮೀಟರಿನ ಸುಮಾರಿಗೆ ಉರುಳಿರುವದು. 1948ರವರೆಗೆ ಇದೇ ದಾರಿಯ ಒಂದು ತುದಿಯು ಹೈದರಾಬಾದ್ ಸಂಸ್ಥಾನದಲ್ಲಿಯೂ ಇನ್ನೊಂದು ತುದಿಯು ಮುಂಬಯಿ ಪ್ರಾಂತದಲ್ಲಿಯೂ ಇದ್ದವು. ಈಗ ಯಾವ ಗಡಿಯೂ ಇಲ್ಲ, ತಡೆಯುವವನು ಗಾಳಿರಾಯನೊಬ್ಬನೇ.

ಈ ಗಾಳಿಯು ಎಲ್ಲಿಂದ ಬರುವದು? ಜೂನ್ ತಿಂಗಳಿಂದ ಸಪ್ಟಂಬರದವರೆಗೆ ಅರಬ್ಬಿ ಸಮುದ್ರದಿಂದ ಹೊರಟ ಮುಂಗಾರಿ ಗಾಳಿಯು ಸಹ್ಯಾದ್ರಿಯ ಮೇಲೆ ತನ್ನ ನೀರಿನ ಬಹುಭಾಗವನ್ನು ಸುರಿದು, ಹಗುರಾದ ಮೋಡಗಳೊಡನೆ ನಮ್ಮ ಬಯಲುಸೀಮೆಗೆ ಇಳಿಯುವದು. ಮಳೆಯನ್ನು ಅಲ್ಲಿ ಕೊಟ್ಟು ವೇಗವನ್ನು ಮಾತ್ರ ನಮಗೆ ತರುವದೆಂದರೂ ಸಲ್ಲುವದು. ಬಯಲಿನಲ್ಲಿ ಇದನ್ನು ತಡೆಯುವ ಕಾಡಿಲ್ಲ. ಗುಡ್ಡದ ನೆತ್ತಿಯಲ್ಲಂತೂ ಗಾಳಿಯ ಹರಿವು ಇಕ್ಕಟ್ಟಾಗಿ ಇನ್ನಷ್ಟು ಬಿರುಸಾಗುವದು. ಆದ್ದರಿಂದಲೇ ಕಪ್ಪತಗುಡ್ಡದ ಸುತ್ತಲೂ ಗಜೇಂದ್ರಗಡದ ಗುಡ್ಡಗಳ ಮೇಲೆಯೂ ವಿದ್ಯುತ್ತನ್ನು ಹುಟ್ಟಿಸುವ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಯಂತ್ರಗಳು ಬರುವ ಎಷ್ಟೋ ಕಾಲ ಮೊದಲೇ ನಮ್ಮ ಹಿರಿಯರು ಕಪ್ಪತಗುಡ್ಡದ ಎತ್ತರದ ನೆತ್ತಿಯ ದೇವರಿಗೆ 'ಗಾಳಿಗುಂಡಿ ಬಸವಣ್ಣ'ನೆಂದು ಹೆಸರಿಟ್ಟಿದ್ದರು. ಎಲ್ಲಿ ಗಾಳಿ ಹೆಚ್ಚೆಂಬದು ದನಕಾಯುವವನಿಗೂ ಗೊತ್ತಿದ್ದ ಸಂಗತಿಯು.

ಸೈಕಲ್ ಸವಾರನಿಗೆ ಗಾಳಿಯೆಂದರೆ ಕಾಣದ ಏರು. ಸಪಾಟು ನೆಲದಲ್ಲಿ ಜೋರಾಗಿ ಹೋಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವದರಲ್ಲಿಯೇ ತೀರುವದು. ಗಾಳಿಯ ವೇಗವು ಇಮ್ಮಡಿಯಾದರೆ ಅದರ ತಡೆಯು ಇಮ್ಮಡಿಯಲ್ಲ, ನಾಲ್ಮಡಿಯಾಗುವದು. ಗಂಟೆಗೆ 20 ಕಿಲೋಮೀಟರು ವೇಗದಿಂದ ಹೋಗುವವನಿಗೆ ಅಷ್ಟೇ ವೇಗದ ಗಾಳಿಯು ಎದುರಾದರೆ, ಅವನ ಎದೆಗೆ ತಾಕುವ ಗಾಳಿಯ ವೇಗವು 40 ಆಗುವದು. ನಿಂತ ಗಾಳಿಯಲ್ಲಿ ಇದ್ದದ್ದರ ನಾಲ್ಕು ಪಟ್ಟು ತಡೆಯನ್ನು ಅವನು ನೂಕಬೇಕು. "ಹೋಗುವಾಗ ಎದುರಾದರೇನು, ಬರುವಾಗ ಬೆನ್ನಿಗೆ ಬಂದು ಲೆಕ್ಕ ಸರಿಹೋಗುವದು" ಎಂದು ಕೆಲವರು ಹೇಳುವದುಂಟು. ಲೆಕ್ಕವು ಹಾಗೆ ಸರಿಹೋಗುವದಿಲ್ಲ. 30 ಕಿಲೋಮೀಟರಿನ ದಾರಿಯನ್ನು ಗಂಟೆಗೆ 20ರಂತೆ ಹೋಗಿ ಬಂದರೆ ಮೂರು ಗಂಟೆ ಸಾಕು. ಅದನ್ನೇ ಎದುರುಗಾಳಿಯಲ್ಲಿ 10ರಂತೆ ಹೋಗಿ, ಹಿಂಗಾಳಿಯಲ್ಲಿ 30ರಂತೆ ಬಂದರೆ ಹೋಗಲಿಕ್ಕೆ ಮೂರು, ಬರಲಿಕ್ಕೆ ಒಂದು, ಕೂಡಿ ನಾಲ್ಕು ಗಂಟೆ. ಕಳೆದುಕೊಂಡ ಹೊತ್ತನ್ನು ಗಾಳಿಯು ಪೂರಾ ಹಿಂದಿರುಗಿಸುವದಿಲ್ಲ. ಇದನ್ನು ಅರಿತವರು ಹೊರಡುವದಕ್ಕೆ ಮುಂಚೆಯೇ ಹೊತ್ತಿನ ಹಂಚಿಕೆಯನ್ನು ಮಾಡಿಕೊಳ್ಳುವರು.

ಇನ್ನು ಕೂಟದ ಮಹತ್ವವನ್ನು ನೋಡೋಣ. ಒಬ್ಬನ ಹಿಂದೆ ಒಬ್ಬನು ಸಾಲಾಗಿ ನಡೆದರೆ ಮುಂದಿನವನು ಗಾಳಿಗೆ ಗೋಡೆಯಾಗುವನು. ಹಿಂದಿನವನಿಗೆ ಶ್ರಮದ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಉಳಿತಾಯವಾಗುವದುಂಟು. ಕೆಲವು ನಿಮಿಷಗಳಾದ ಬಳಿಕ ಮುಂದಾಳು ಬದಿಗೆ ಸರಿದು ಸಾಲಿನ ಕೊನೆಗೆ ಹೋಗುವನು, ಎರಡನೆಯವನು ಗೋಡೆಯಾಗುವನು. ಹೊಲದಲ್ಲಿ ಮುಯ್ಯಾಳಿನ ಪದ್ಧತಿಯನ್ನು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ: ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಚಳಿಗಾಲದಲ್ಲಿ ಗದಗು ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳು ಓರೆಸಾಲಿನಲ್ಲಿ ಹಾರುವದೂ ಶ್ರಮವನ್ನು ಉಳಿಸುವದಕ್ಕಾಗಿಯೇ. ಗಾಳಿಯು ಮಗ್ಗುಲಿನಿಂದ ಬೀಸುವಾಗ ಪರದೇಶದ ಪಂದ್ಯಗಳಲ್ಲಿ ಸವಾರರೂ ರಸ್ತೆಯ ಅಗಲಕ್ಕೆಲ್ಲ ಹಾಗೆಯೇ ಓರೆಯಾಗಿ ಹಬ್ಬುವರು. ಆದರೆ ಯಲಬುರ್ಗಾ ಹಾಯ್ದು ಗಜೇಂದ್ರಗಡಕ್ಕೆ ಹೋಗುವಾಗ ಎಡಮಗ್ಗುಲಿಗೆ ಗಾಳಿ ತಾಕಿತೆಂದು ನಮ್ಮವರು ಈ ಉಪಾಯಕ್ಕೆ ಕೈಹಾಕಕೂಡದು. ಪಂದ್ಯದಲ್ಲಿ ರಸ್ತೆಯನ್ನು ಮುಚ್ಚಿರುವರು. ಹೆಬ್ಬಾತುಗಳಿಗೋ ಲಾರಿಯ ಭಯವಿಲ್ಲ. ತೆರೆದ ರಸ್ತೆಯಲ್ಲಿ ಒಂದೇ ಸಾಲು, ರಸ್ತೆಯ ಎಡದಂಡೆ, ಇದೇ ನಿಯಮವು.

ಏರು ಬಂದಾಗ ಮಾತ್ರ ಈ ಮುಯ್ಯಾಳು ನಡೆಯದು. ವೇಗವು ಕುಗ್ಗಿ ದೇಹದ ಭಾರವೇ ಮುಖ್ಯವಾಗುವದರಿಂದ ಮುಂದಿನವನ ಮರೆಯು ಅಷ್ಟಾಗಿ ಉಪಯೋಗಕ್ಕೆ ಬಾರದು. ಪ್ರತಿಯೊಬ್ಬನೂ ತನ್ನ ಉಸಿರನ್ನು ನಂಬಿಯೇ ಏರಬೇಕು. ಇಲ್ಲಿಯೇ ಕೂಟವು ಒಡೆಯುವದು. ಇಲ್ಲಿಯೇ ಕೂಟದ ನಿಜವಾದ ಪರೀಕ್ಷೆಯು. ಬಲಿಷ್ಠರು ಮೊದಲು ನೆತ್ತಿಯನ್ನು ಸೇರಿ, ನೀರು ಕುಡಿದು, ನೆರಳಲ್ಲಿ ಕುಳಿತು ಹರಟುವರು. ಅರ್ಧ ತಾಸಿನ ಮೇಲೆ ಎಲ್ಲರಿಗಿಂತ ಹಿಂದಿನವನು ಬಾಯಾರಿಕೆಯಿಂದ ಬಂದು ಮುಟ್ಟಿದ ಕೂಡಲೆ "ಬಂದಿಯಾ ತಮ್ಮಾ? ನಡಿ, ಹೊರಡೋಣ" ಎಂದು ಏಳುವರು. ಇದಕ್ಕಿಂತ ಹೆಚ್ಚಿನ ಅನ್ಯಾಯವು ಬೇರೊಂದಿಲ್ಲವೆಂದು ನಾವು ಹೇಳುವೆವು. ವಿಶ್ರಾಂತಿಯು ಯಾರಿಗೆ ಬೇಡವೋ ಅವರಿಗೆ ಅರ್ಧ ತಾಸು ಸಿಕ್ಕಿತು. ಯಾರಿಗೆ ಬೇಕೋ ಅವನಿಗೆ ಚಣವೂ ಸಿಗಲಿಲ್ಲ. ಅವನು ಮುಂದಿನ ಗಾಳಿಬಯಲಿನಲ್ಲಿ ಸಾಲನ್ನು ತಪ್ಪಿಸಿಕೊಳ್ಳುವನು. ಮರೆಯಿಲ್ಲದೆ ಒಬ್ಬಂಟಿಯಾಗಿ ನಾಲ್ಮಡಿ ತಡೆಯನ್ನು ನೂಕುವನು. ದಣಿವಿನಿಂದ ಕಣ್ಣು ಮಂಜಾಗಿ ಇಳುಕಲಿನಲ್ಲಿ ಬೀಳುವನು. ಇಂಥ ಪ್ರಯಾಣಗಳಲ್ಲಿ ಎಷ್ಟೋ ಅಪಾಯಗಳ ಬೇರು ಗಾಳಿಯಲ್ಲಿಲ್ಲ, ಜೊತೆಗಾರರ ಅವಸರದಲ್ಲಿದೆ.

ಆದ್ದರಿಂದ ಬಲ್ಲ ಕೂಟದವರು ಎರಡು ಕಟ್ಟಳೆಗಳನ್ನು ಇಟ್ಟುಕೊಳ್ಳುವರು. ಮೊದಲನೆಯದು, ಕೊನೆಯವನು ಬಂದು ದಣಿವಾರಿಸಿಕೊಂಡ ಮೇಲೆಯೇ ಎಲ್ಲರ ಪಯಣವು. ಎರಡನೆಯದು, ಬಲಿಷ್ಠರಲ್ಲಿಯೇ ಒಬ್ಬನು ಹಿಂಗಾವಲಾಗಿ ನಿಲ್ಲಬೇಕು. ಅವನ ಹಿಂದೆ ನಮ್ಮವರು ಯಾರೂ ಇರಕೂಡದು. ಮುಂದಾಳಾಗಿ ಹೋಗುವದಕ್ಕೆ ಕಾಲಿನ ಬಲವಿದ್ದರೆ ಸಾಕು. ಹಿಂಗಾವಲಾಗುವದಕ್ಕೆ ಮನಸ್ಸಿನ ಬಲವು ಬೇಕು.

ಈ ಬಗೆಯ ದೂರದ ಸವಾರಿಗಳು ನಮ್ಮ ದೇಶಕ್ಕೆ ಹೊಸವಲ್ಲ. 1923ರ ಅಕ್ಟೋಬರದಲ್ಲಿ ಮುಂಬಯಿಯ ಆರು ಜನ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಪೃಥ್ವೀಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಮೂವರು 1928ರ ಮಾರ್ಚಿಯಲ್ಲಿ 44,000 ಮೈಲುಗಳನ್ನು ಮುಗಿಸಿ ಮರಳಿದರು. ಫ್ರಾನ್ಸ್ ದೇಶದಲ್ಲಿ 1891ರಲ್ಲಿ ಮೊದಲಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯಲ್ಲಿ ಈಗ ನಾಲ್ಕು ವರ್ಷಗಳಿಗೊಮ್ಮೆ ಸಾವಿರಾರು ಜನರು ಸುಮಾರು 1,200 ಕಿಲೋಮೀಟರುಗಳನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಮುಗಿಸಲು ಹೊರಡುವರು. ಅದೇ ಪರಂಪರೆಯ 'ಬ್ರೆವೆ' ಎಂಬ ಸವಾರಿಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೊದಲಾದ ಊರುಗಳಿಗೂ ಬಂದಿವೆ. 200 ಕಿಲೋಮೀಟರಿಗೆ ಹದಿಮೂರುವರೆ ಗಂಟೆ, 300ಕ್ಕೆ 20, 600ಕ್ಕೆ 40 ಗಂಟೆ, ಹೀಗೆ ಅವಧಿಯುಂಟು. ಆದರೆ ಇದು ಪಂದ್ಯವಲ್ಲ, ಮೊದಲು ಬಂದವನಿಗೆ ಬಹುಮಾನವಿಲ್ಲ. 2008ರಲ್ಲಿ ಆರಂಭವಾದ ನೀಲಗಿರಿ ಸವಾರಿಯವರು ಕನ್ನಡನಾಡಿನಿಂದ ಹೊರಟು, ಮಸಿನಗುಡಿಯಿಂದ ಉದಕಮಂಡಲಕ್ಕೆ ಮೂವತ್ತಾರು ತಿರುವುಗಳ ಕಲ್ಲಹಟ್ಟಿ ಘಾಟನ್ನು ಏರಿದ್ದಾರೆ.

ನಮ್ಮ ಸೀಮೆಯೂ ಹಿಂದೆ ಬಿದ್ದಿಲ್ಲ. ವಿಜಯಪುರ, ಬಾಗಲಕೋಟೆ, ಗದಗು ಜಿಲ್ಲೆಗಳ ಬಯಲುರಸ್ತೆಗಳಲ್ಲಿ ಬೆಳೆದ ಹುಡುಗ ಹುಡುಗಿಯರು ಅಖಿಲ ಭಾರತ ಮಟ್ಟದ ಸೈಕಲ್ ಪಂದ್ಯಗಳಲ್ಲಿ ಹೆಸರು ಪಡೆದಿರುವರು. ಅವರಲ್ಲಿ ಒಕ್ಕಲಿಗರ ಮನೆಯ ಮಕ್ಕಳು ಹಲವರು. ಎದುರುಗಾಳಿಯೇ ಅವರ ಮೊದಲನೆಯ ಗುರುವಾಯಿತೆಂದರೆ ತಪ್ಪಾಗಲಾರದು. 2006-07ರಿಂದ ಹಲವು ವರ್ಷಗಳವರೆಗೆ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಉಚಿತವಾಗಿ ಹಂಚಿದ್ದರಿಂದ, ಹಳ್ಳಿಯ ಹೆಣ್ಣುಮಗಳು ಸೈಕಲ್ಲನ್ನೇರಿ ನೆರೆಯೂರಿನ ಶಾಲೆಗೆ ಹೋಗುವದು ಯಾರೂ ತಿರುಗಿ ನೋಡದಂಥ ಸಾಧಾರಣ ಸಂಗತಿಯಾಯಿತು.

ಆದರೂ ತಾಯಂದಿರ ಅಂಜಿಕೆಯನ್ನು ನಾವು ಹಗುರಾಗಿ ಕಾಣಲಾರೆವು. 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಅಪಘಾತಗಳಿಂದ ಪ್ರಾಣಬಿಟ್ಟರು. "ಅವ್ವಾ, ಎಲ್ಲಾರೂ ಕೂಡಿ ಹೋಗತೇವಿ" ಎಂದ ಮಾತ್ರಕ್ಕೆ ಈ ಅಂಜಿಕೆಯು ಹೋಗಬಾರದು. ಹೇಗೆ ಹೋಗುವರೆಂಬದನ್ನು ಮನೆಯ ಹಿರಿಯರು ಕೇಳಿ ತಿಳಿಯಬೇಕು. ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಬಣ್ಣದ ಅಂಗಿ, ಸರಿಯಾಗಿ ಹಿಡಿಯುವ ಎರಡೂ ಬ್ರೇಕುಗಳು, ಇವು ಇಲ್ಲದವನನ್ನು ಕೂಟವು ಸೇರಿಸಿಕೊಳ್ಳಬಾರದು. ಹೆದ್ದಾರಿಗಿಂತ ಹಳ್ಳಿಯ ದಾರಿಯು ಲೇಸು. ಮಗ್ಗುಲುಗಾಳಿಯಲ್ಲಿ ದೊಡ್ಡ ಲಾರಿಯು ಹಾಯುವಾಗ ಗಾಳಿಯು ಒಮ್ಮೆಲೇ ನಿಂತು, ಅದು ದಾಟಿದೊಡನೆ ಮತ್ತೆ ಹೊಡೆಯುವದು. ಗಾಳಿಗೆ ಒರಗಿಕೊಂಡು ಹೋಗುತ್ತಿದ್ದವನು ಆ ಎಳೆತಕ್ಕೆ ಲಾರಿಯ ಕಡೆಗೇ ವಾಲುವ ಭಯವುಂಟು. ಲಾರಿಯ ಸದ್ದು ಕೇಳಿದೊಡನೆ ವೇಗ ತಗ್ಗಿಸಿ ಹ್ಯಾಂಡಲನ್ನು ಎರಡೂ ಕೈಗಳಿಂದ ಹಿಡಿಯುವದು ಒಳಿತು.

ಗಾಳಿಯು ಇನ್ನೊಂದು ಮೋಸವನ್ನು ಮಾಡುವದು. ಬೆವರನ್ನು ಸುರಿದಂತೆಯೇ ಒಣಗಿಸುವದರಿಂದ ಮೈಯ ನೀರು ಎಷ್ಟು ಹೋಯಿತೆಂಬದು ಸವಾರನಿಗೆ ತಿಳಿಯುವದಿಲ್ಲ. ಬಾಯಾರಿಕೆಯಾಗುವ ಮೊದಲೇ ಗುಟುಕು ಗುಟುಕಾಗಿ ಕುಡಿಯಬೇಕು. ಬರಿಯ ನೀರನ್ನೇ ಮಿತಿಮೀರಿ ಕುಡಿಯುವದೂ ಅಪಾಯವು. ಉಪ್ಪು ಹಾಕಿದ ಮಜ್ಜಿಗೆಯು ನಮ್ಮ ಮನೆಗಳಲ್ಲಿಯೇ ಇರುವ ಒಳ್ಳೆಯ ಪಾನಕವು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಬಾಳೆಹಣ್ಣು ಸಾಕು. ರಸ್ತೆಯ ಎರಡೂ ಬದಿಗೆ ಜಾಲಿಯ ಮುಳ್ಳು ಬಿದ್ದಿರುವದರಿಂದ ಪಂಪು, ಬದಲಿ ಟ್ಯೂಬು ಮತ್ತು ಪಂಚರು ತಿದ್ದುವ ಸಾಮಾನುಗಳನ್ನು ಮರೆಯಬಾರದು. ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮವಾಗಿದೆ. ಔಷಧಿ ಸಸ್ಯಗಳ ಆ ನೆಲೆಯೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವದು ಸಲ್ಲದು.

ಕಾಲದ ವಿಚಾರವಾಗಿ ಒಂದು ಮಾತು. ಗಾಳಿಯು ನಸುಕಿನಲ್ಲಿ ಮೆತ್ತಗಿದ್ದು, ಬಿಸಿಲು ಏರಿದಂತೆ ಬಲಿಯುವದು. ಆದಕಾರಣ ಮುಂಗಾರಿಯಲ್ಲಿ ನಸುಕಿಗೆ ಹೊರಟು, ಎದುರುಗಾಳಿಯ ಪಡುವಣ ದಾರಿಯನ್ನು ತಂಪುಹೊತ್ತಿನಲ್ಲಿಯೇ ಮುಗಿಸಿ, ದಣಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳಬೇಕು. ಇದನ್ನು ತಲೆಕೆಳಗಾಗಿ ಮಾಡಿದವರು ಬೆಳಿಗ್ಗೆ ಹಕ್ಕಿಯಂತೆ ಹಾರಿ, ಸಂಜೆಗೆ ಊರಿನ ದಾರಿಯಲ್ಲಿ ಸೈಕಲ್ಲನ್ನು ನೂಕಿಕೊಂಡು ಬರುವರು. ಹೊಸಬರು ಒಮ್ಮೆಲೇ ಡಂಬಳದ ಆಸೆಗೆ ಬೀಳದೆ ಮೊದಲು ಇಟಗಿಗೆ ಹೋಗಿ ಬರಲಿ, ಮರುತಿಂಗಳು ಲಕ್ಕುಂಡಿಗೆ, ಕಾಲು ಪಳಗಿದ ಮೇಲೆ ಮುಂದಿನ ಮಾತು.

2025ರ ಮೇ ತಿಂಗಳಲ್ಲಿ ತಳಕಲ್ಲಿನಿಂದ ಕುಷ್ಟಗಿಯವರೆಗಿನ ರೈಲುದಾರಿಯು ತೆರೆದು ಕುಕನೂರಿಗೂ ರೈಲು ಬಂದಿದೆ. ಊರು ಮುಟ್ಟುವದಷ್ಟೇ ಬೇಕಾದವನಿಗೆ ಅದು ಬಹಳ ಅನುಕೂಲವು. ಅದನ್ನು ಬಿಟ್ಟು ಸೈಕಲ್ಲನ್ನೇ ಏರಬೇಕೆಂದು ನಾವು ಯಾರಿಗೂ ಹೇಳುವದಿಲ್ಲ. ಆದರೆ ರೈಲಿನಲ್ಲಿ ಬಲಿಷ್ಠನೂ ದುರ್ಬಲನೂ ಒಂದೇ ಹೊತ್ತಿಗೆ ತಲಪುವದು ಇಂಜಿನಿನ ಗುಣದಿಂದ. ಸೈಕಲ್ ಕೂಟದಲ್ಲಿ ಹಾಗೆ ಒಟ್ಟಿಗೆ ತಲಪುವದು ಮನುಷ್ಯರ ಗುಣದಿಂದ. ಬೆಳೆಯುವ ಮಕ್ಕಳು ಈ ಎರಡನೆಯದನ್ನೂ ವರ್ಷದಲ್ಲಿ ನಾಲ್ಕಾರು ಸಾರೆಯಾದರೂ ಕಲಿತು ಬರಲಿ. ಹೊತ್ತಿಗೆ ಸರಿಯಾಗಿ ಬುತ್ತಿ ಕಟ್ಟಿ, ಬ್ರೇಕನ್ನೊಮ್ಮೆ ಒತ್ತಿ ನೋಡಿ, "ಹಿಂದಿದ್ದವರನ್ನು ಬಿಟ್ಟು ಬರಬ್ಯಾಡ್ರಿ" ಎಂದು ಹೇಳಿ ಕಳಿಸುವದು ಮನೆಯವರ ಕೆಲಸವು.