ಆಘಾತದ ನಂತರದ ಮನಸ್ಸು

1993ನೆಯ ಇಸವಿಯ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿತು. ಗಣೇಶ ವಿಸರ್ಜನೆಯನ್ನು ಮುಗಿಸಿ ಮಲಗಿದ್ದವರ ಮೇಲೆ ಮನೆಗಳು ಕುಸಿದವು. 7,500ಕ್ಕೂ ಹೆಚ್ಚು ಜನರು ಅಸುನೀಗಿದರು. ವಿಜಯಪುರ ಜಿಲ್ಲೆಯ ಮುಳವಾಡ, ಇಂಡಿ, ಸಿಂದಗಿಗಳ ಕಡೆಯ ಹಳೆಯ ಮನೆಗಳಂತೆಯೇ ಅವೂ ದಪ್ಪ ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು. ಆ ಕಂಪನವು ನಮ್ಮ ನಾಡಿನ ಉತ್ತರದ ಜಿಲ್ಲೆಗಳಿಗೂ ತಟ್ಟಿತು.

ಬಿದ್ದ ಮನೆಗಳನ್ನು ಮತ್ತೆ ಕಟ್ಟಬಹುದು. ಆದರೆ ಬದುಕುಳಿದವರ ಮನಸ್ಸಿಗಾದ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಅಪಾಯ ಎದುರಾದಾಗ ಎದೆ ಬಡಿದುಕೊಳ್ಳುವುದು, ಮೈ ಬೆವರುವುದು ಸಹಜ. ಅದು ಪ್ರಾಣರಕ್ಷಣೆಗಾಗಿ ಶರೀರವು ಮಾಡಿಕೊಳ್ಳುವ ಸಿದ್ಧತೆ. ಬಂಧುಗಳ ಆಸರೆ ದೊರೆತರೆ ಬಹುಮಂದಿಯ ಭಯವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಅದು ತಿಂಗಳು ಕಳೆದರೂ ಇಳಿಯದೆ ನಿತ್ಯದ ಬಾಳನ್ನೇ ಕೆಡಿಸುತ್ತದೆ. ಇದನ್ನು ವೈದ್ಯರು ‘ಆಘಾತೋತ್ತರ ಒತ್ತಡದ ಬೇನೆ’ ಎಂದು ಕರೆಯುತ್ತಾರೆ. ಭೂಕಂಪದಿಂದ ಮಾತ್ರವಲ್ಲ, ನೆರೆ, ಬೆಂಕಿ, ರಸ್ತೆಯ ಅಪಘಾತ, ಹಿಂಸೆ ಇವುಗಳಿಂದಲೂ ಇದು ಉಂಟಾಗಬಹುದು.

ಇದರ ಲಕ್ಷಣಗಳು ಮುಖ್ಯವಾಗಿ ನಾಲ್ಕು ಬಗೆಯವು. ಮೊದಲನೆಯದು, ನಡೆದ ಘಟನೆ ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮರುಕಳಿಸುವುದು. ಎರಡನೆಯದು, ಅದನ್ನು ನೆನಪಿಸುವ ಸ್ಥಳ, ಮಾತುಗಳಿಂದ ದೂರ ಸರಿಯುವುದು. ಮೂರನೆಯದು, ಯಾವುದರಲ್ಲಿಯೂ ಆಸಕ್ತಿ ಉಳಿಯದೆ ‘ನಾನೊಬ್ಬನೇ ಏಕೆ ಉಳಿದೆ’ ಎಂದು ಕೊರಗುವುದು. ನಾಲ್ಕನೆಯದು, ನಿದ್ದೆ ಬಾರದಿರುವುದು, ಮುಂಗೋಪ, ಸಣ್ಣ ಸದ್ದಿಗೂ ಬೆಚ್ಚುವುದು. ಭೂಕಂಪವನ್ನು ಕಂಡವರು ಲಾರಿಯ ಗುಡುಗಿಗೂ ಹೊರಗೆ ಓಡಬಹುದು. ಚಿಕ್ಕ ಮಕ್ಕಳು ತಾಯಿಯ ಸೆರಗನ್ನು ಬಿಡದಿರಬಹುದು, ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳಬಹುದು, ದುರಂತವನ್ನೇ ಮತ್ತೆ ಮತ್ತೆ ಆಟವಾಗಿ ಆಡಬಹುದು.

ಇಂಥವರನ್ನು ಕಂಡು ‘ಗಾಳಿ ಸೋಕಿದೆ’ ಎನ್ನುವವರುಂಟು. ‘ಅಂಜುಬುರುಕ’ ಎಂದು ಜರೆಯುವವರೂ ಉಂಟು. ಮೊದಲನೆಯ ಮಹಾಯುದ್ಧದಲ್ಲಿ ಈ ಬೇನೆಗೆ ತುತ್ತಾದ ಎಷ್ಟೋ ಸೈನಿಕರನ್ನು ಹೇಡಿಗಳೆಂದು ಹೀಗಳೆಯಲಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ತಮ್ಮ ರೋಗಗಳ ಪಟ್ಟಿಯಲ್ಲಿ ಸೇರಿಸಿದರು. ಇದು ದೆವ್ವದ ಕಾಟವೂ ಅಲ್ಲ, ಮನೋದೌರ್ಬಲ್ಯವೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ.

ಚಿಕಿತ್ಸೆಗಿಂತ ಮೊದಲು ನೆರವು ಬೇಕು. ನೊಂದವರನ್ನು ಸುರಕ್ಷಿತ ಸ್ಥಳಕ್ಕೆ ಕರೆತರಬೇಕು; ಅನ್ನ, ನೀರು, ಹೊದಿಕೆ ಕೊಡಬೇಕು; ಅಗಲಿದ ಕುಟುಂಬದವರನ್ನು ಒಂದುಗೂಡಿಸಬೇಕು. ಅವರು ಮಾತನಾಡಿದರೆ ತಾಳ್ಮೆಯಿಂದ ಕೇಳಬೇಕು. ಆದರೆ ನಡೆದುದನ್ನು ಹೇಳೆಂದು ಬಲವಂತ ಮಾಡಬಾರದು. ನೋವನ್ನು ಮರೆಯಲೆಂದು ಮದ್ಯಕ್ಕೆ ಶರಣಾದರೆ ಬೇನೆ ಹೆಚ್ಚುತ್ತದೆ. ತಿಂಗಳಾದರೂ ಲಕ್ಷಣಗಳು ಉಳಿದರೆ ವೈದ್ಯರನ್ನು ಕಾಣಬೇಕು. ಸಾಯುವ ಮಾತನ್ನಾಡಿದರೆ ಒಂದು ದಿನವೂ ತಡಮಾಡಬಾರದು. ತರಬೇತಿ ಪಡೆದ ಚಿಕಿತ್ಸಕರು ರೋಗಿಯು ಆ ಕಹಿ ನೆನಪನ್ನು ಮೆಲ್ಲಮೆಲ್ಲನೆ, ಅಂಜದೆ ಎದುರಿಸುವಂತೆ ಮಾಡುತ್ತಾರೆ. ಅಗತ್ಯವಿದ್ದರೆ ಔಷಧವನ್ನೂ ಕೊಡುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 1984ರ ಭೋಪಾಲ ಅನಿಲ ದುರಂತ, 2001ರ ಗುಜರಾತ ಭೂಕಂಪ, 2004ರ ಸುನಾಮಿಗಳ ನಂತರ ಸಂತ್ರಸ್ತರ ಮನಸ್ಸಿನ ಆರೈಕೆಗೆ ನೆರವಾದರು. ಸ್ಥಳೀಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿದರು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಳ್ಳಿಯಿಂದಲೇ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು. ಮುರಿದ ಕೈಯನ್ನು ವೈದ್ಯರಿಗೆ ತೋರಿಸಲು ನಾವು ಸಂಕೋಚಪಡುವುದಿಲ್ಲ. ನೊಂದ ಮನಸ್ಸಿನ ವಿಷಯದಲ್ಲಿಯೂ ಹಾಗೆಯೇ ನಡೆದುಕೊಳ್ಳುವುದು ವಿವೇಕ.